ಅನುಭವಿ ಕೆಲಸಗಾರರು ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಹೇಗೆ: ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಿಗೆ ಸಮಗ್ರ ಮಾರ್ಗದರ್ಶಿ

ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ, ಶಿವಮೊಗ್ಗದ ಮಾಚೇನಹಳ್ಳಿ, ಯಾವ ಕೈಗಾರಿಕಾ ಪ್ರದೇಶದ ಮಾಲೀಕರನ್ನು ಮಾತನಾಡಿಸಿದರೂ ಕೇಳಿಬರುವ ದೂರು ಒಂದೇ. ಎಂಟು ಹತ್ತು ವರ್ಷ ಜೊತೆಗಿದ್ದ ಸೆಟ್ಟರ್ (ಪ್ರತಿ ಕೆಲಸಕ್ಕೂ ಮೆಷಿನ್ ಹೊಂದಿಸಿಕೊಡುವವರು), ಎರಡು ಮೂರು ಸಾವಿರ ರೂಪಾಯಿ ಹೆಚ್ಚು ಸಿಗುತ್ತದೆಂದು ಹಿಂದಿನ ಬೀದಿಯ ಕಾರ್ಖಾನೆಗೆ ಹೊರಟುಹೋಗುತ್ತಾರೆ. ಮಾಲೀಕರು ಪ್ರಯತ್ನ ಪಡುವುದಿಲ್ಲವೆಂದಲ್ಲ. ಆಯುಧಪೂಜೆಗೆ ಉಡುಗೊರೆ ಕೊಡುತ್ತಾರೆ, ವರ್ಷಕ್ಕೊಮ್ಮೆ ಪ್ರವಾಸಕ್ಕೆ ಕರೆದೊಯ್ಯುತ್ತಾರೆ, ರಾಜೀನಾಮೆ ಪತ್ರ ಕೈಗೆ ಬಂದ ದಿನ ಸಂಬಳವನ್ನೂ ಏರಿಸುತ್ತಾರೆ. ಆದರೂ ಜನ ನಿಲ್ಲುವುದಿಲ್ಲ, ಏಕೆಂದರೆ ಮೊದಲು ಮಾಡಬೇಕಾದ ಕೆಲಸಗಳು ಕೊನೆಗೆ ಉಳಿದಿರುತ್ತವೆ. ಸಂಬಳ ಒಂದೊಂದು ತಿಂಗಳು ಒಂದೊಂದು ತಾರೀಖಿಗೆ ಬೀಳುವ ಕಡೆ ಉಡುಗೊರೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಲ್ಲಿನ ಹಂತಗಳನ್ನು 15ರಿಂದ 150 ಜನರಿರುವ ಎಂಜಿನಿಯರಿಂಗ್ ಘಟಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ. ಗಾರ್ಮೆಂಟ್ಸ್, ಪ್ರಿಂಟಿಂಗ್ ಪ್ರೆಸ್, ಆಹಾರ ಸಂಸ್ಕರಣೆಯ ಘಟಕಗಳಿಗೂ ಕ್ರಮ ಇದೇ. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಹೋಗಬೇಡಿ.

## ಆರಂಭಿಸುವ ಮುನ್ನ ಕೈಯಲ್ಲಿರಬೇಕಾದ ದಾಖಲೆಗಳು

ಇದಕ್ಕೆ ಸಾಫ್ಟ್‌ವೇರ್ ಬೇಕಿಲ್ಲ, ಸಲಹೆಗಾರರೂ ಬೇಕಿಲ್ಲ. ಕಳೆದ ಮೂರು ವರ್ಷಗಳಲ್ಲಿ ಕೆಲಸ ಬಿಟ್ಟವರ ಪಟ್ಟಿಯನ್ನು ಹಾಜರಿ ಪುಸ್ತಕದಿಂದ ತೆಗೆದು, ಪ್ರತಿಯೊಬ್ಬರ ಹೆಸರಿನ ಮುಂದೆ ಬಿಟ್ಟ ತಿಂಗಳು, ಕೊನೆಯ ಸಂಬಳ, ಹೋದ ಜಾಗ ಬರೆಯಿರಿ. ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟಿನಿಂದ ಸಂಬಳ ನಿಜವಾಗಿ ಜಮೆಯಾದ ತಾರೀಖುಗಳನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಿ. ಅದೇ ಅವಧಿಯ ಪಿಎಫ್ ಮತ್ತು ಇಎಸ್‌ಐ ಚಲನ್‌ಗಳನ್ನು ಒಂದು ಫೈಲಿಗೆ ಸೇರಿಸಿ. ಇದಲ್ಲದೆ ಒಂದು ನೋಟ್‌ಪುಸ್ತಕ ಇರಲಿ. ಅದು ನಿಮ್ಮ ಮೇಜಿನ ಒಳಗೆ ಬೀಗದಲ್ಲಿರಬೇಕು, ಏಕೆಂದರೆ ಮೂರನೆಯ ಹಂತದಲ್ಲಿ ಕೆಲಸಗಾರರು ಹೇಳುವ ಮಾತುಗಳು ಅದರಲ್ಲಿರುತ್ತವೆ.

## ಹಂತ 1: ಯಾರ ಕೈಯಲ್ಲಿ ಯಾವ ಕೆಲಸ ನಿಂತಿದೆ ಎಂದು ಗುರುತಿಸಿ

ಒಂದು ದೊಡ್ಡ ಹಾಳೆಯಲ್ಲಿ ಅಡ್ಡಲಾಗಿ ಕೆಲಸಗಾರರ ಹೆಸರುಗಳನ್ನೂ ಉದ್ದಕ್ಕೆ ಮೆಷಿನ್‌ಗಳನ್ನೂ ಮುಖ್ಯ ಜಾಬ್‌ಗಳನ್ನೂ ಬರೆಯಿರಿ. ಒಬ್ಬರು ಆ ಕೆಲಸವನ್ನು ಯಾರ ಸಹಾಯವೂ ಇಲ್ಲದೆ ಸೆಟ್ ಮಾಡಬಲ್ಲರಾದರೆ ಆ ಮನೆಯಲ್ಲಿ ಪೂರ್ಣ ವೃತ್ತ ಹಾಕಿ, ಓಡಿಸಲು ಮಾತ್ರ ಬರುವುದಾದರೆ ಅರ್ಧ ವೃತ್ತ ಹಾಕಿ. ಯಾವ ಸಾಲಿನಲ್ಲಿ ಒಂದೇ ಒಂದು ಪೂರ್ಣ ವೃತ್ತವಿದೆಯೋ ಅಲ್ಲಿ ನಿಮ್ಮ ಕಾರ್ಖಾನೆ ಒಬ್ಬರ ಮೇಲೆ ನಿಂತಿದೆ.

ಡ್ರಾಯಿಂಗ್‌ನಲ್ಲಿ ಇಲ್ಲದ ಜ್ಞಾನ ಎಂತಹುದೆಂದು ಒಂದು ಉದಾಹರಣೆಯಿಂದ ನೋಡಬಹುದು. ತೆಳು ಗೋಡೆಯ ಬುಷ್ ಒಂದನ್ನು (ಟೊಳ್ಳು ಲೋಹದ ಬಳೆ) ಮೂರು ಜಾ ಚಕ್‌ನಲ್ಲಿ, ಅಂದರೆ ಮೂರು ಹಲ್ಲಿನ ಹಿಡಿಕೆಯಲ್ಲಿ, ಬಿಗಿಯಾಗಿ ಹಿಡಿದು ಒಳಗಿನ ರಂಧ್ರವನ್ನು ಬೋರ್ ಮಾಡಿದರೆ, ಮೆಷಿನ್ ಮೇಲಿರುವಾಗ ಅಳತೆ ಸರಿಯಾಗಿಯೇ ತೋರಿಸುತ್ತದೆ. ಚಕ್ ಸಡಿಲಿಸಿದ ತಕ್ಷಣ ಬುಷ್ ಹಿಗ್ಗಿಕೊಂಡು ಬೋರ್‌ನ ದುಂಡುತನವೇ ಹೋಗಿಬಿಡುತ್ತದೆ. ಅನುಭವಿ ಸೆಟ್ಟರ್ ಮೊದಲು ಸಾಫ್ಟ್ ಜಾಗಳನ್ನು ಬುಷ್‌ನ ಹೊರವ್ಯಾಸಕ್ಕೆ ಸರಿಯಾಗಿ ಬೋರ್ ಮಾಡಿಕೊಳ್ಳುತ್ತಾರೆ, ಚಕ್‌ನ ಒತ್ತಡವನ್ನು ತಗ್ಗಿಸುತ್ತಾರೆ, ಕೊನೆಯ ಕಟ್‌ಗೆ ಸ್ವಲ್ಪವೇ ಲೋಹ ಉಳಿಸುತ್ತಾರೆ. ಇದು ಪ್ರೋಗ್ರಾಮ್‌ನಲ್ಲಿಯೂ ಇರುವುದಿಲ್ಲ, ಪ್ರಾಸೆಸ್ ಶೀಟ್‌ನಲ್ಲಿಯೂ ಇರುವುದಿಲ್ಲ. ಅವರು ಹೋದ ವಾರದಲ್ಲಿಯೇ ಗ್ರಾಹಕರ ಕಡೆಯಿಂದ ರಿಜೆಕ್ಷನ್ ಬರಲು ಶುರುವಾದಾಗ, ಮೆಷಿನ್ ಹಳತಾಯಿತೆಂದು ಮಾಲೀಕರು ಭಾವಿಸುತ್ತಾರೆ.

ಈ ಪಟ್ಟಿಯಲ್ಲಿ ಮೆಷಿನ್ ಮುಂದೆ ನಿಲ್ಲುವವರು ಮಾತ್ರವಲ್ಲದೆ ಸ್ಟೋರ್ಸ್ ನೋಡುವವರು, ಡಿಸ್ಪ್ಯಾಚ್ ಮಾಡುವವರು, ಲೆಕ್ಕ ಬರೆಯುವವರು, ತಪಾಸಣೆ ಮಾಡುವವರೂ ಇರಬೇಕು. ಅವರನ್ನು ಮರೆಯುವುದು ಬಹಳ ಸಾಮಾನ್ಯವಾದ ತಪ್ಪು.

ಮುಂದೆ, ಆ ಒಂಟಿ ವೃತ್ತದ ವ್ಯಕ್ತಿ ಹೋದರೆ ಆಗುವ ನಷ್ಟವನ್ನು ಲೆಕ್ಕ ಹಾಕಿ. ನಿಮ್ಮ ಮೆಷಿನ್ ಗಂಟೆಯ ದರ 400 ರೂಪಾಯಿ ಎಂದಿಟ್ಟುಕೊಳ್ಳೋಣ. ದಿನಕ್ಕೆ ಎರಡು ಸೆಟ್ಟಿಂಗ್‌ಗಳಿದ್ದು, ಹೊಸಬರಿಗೆ ತಲಾ ಒಂದು ಗಂಟೆ ಹೆಚ್ಚು ಹಿಡಿದರೆ, 25 ದಿನಗಳಲ್ಲಿ 50 ಗಂಟೆ ಅಥವಾ 20,000 ರೂಪಾಯಿ ಪ್ರತಿ ತಿಂಗಳು ಕೈಬಿಡುತ್ತದೆ. ಮೂರೇ ತಿಂಗಳಲ್ಲಿ ಅದು 60,000 ಆಗುತ್ತದೆ. ರಿಜೆಕ್ಷನ್, ಮುರಿದ ಇನ್ಸರ್ಟ್‌ಗಳು, ತಪ್ಪಿದ ಡೆಲಿವರಿ ಇದರಲ್ಲಿ ಇನ್ನೂ ಸೇರಿಲ್ಲ. ತಿಂಗಳಿಗೆ 3,000 ರೂಪಾಯಿ ಹೆಚ್ಚಳ ಕೊಟ್ಟಿದ್ದರೆ ಇಡೀ ವರ್ಷಕ್ಕೆ 36,000 ಆಗುತ್ತಿತ್ತು. ನಿಮ್ಮದೇ ಅಂಕಿಗಳನ್ನು ಹಾಕಿ ಈ ಲೆಕ್ಕ ಬರೆದಿಡಿ, ನಾಲ್ಕನೆಯ ಹಂತದಲ್ಲಿ ಇದು ಬೇಕಾಗುತ್ತದೆ.

## ಹಂತ 2: ಸಂಬಳದ ತಾರೀಖು ಮತ್ತು ಶಾಸನಬದ್ಧ ಬಾಕಿಗಳನ್ನು ಸರಿಪಡಿಸಿ

ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಸಂಬಳ ಪಾವತಿಯಾಗಬೇಕೆಂಬುದು ಕಾನೂನು. ಕೆಲಸಗಾರರಿಗೆ ಅದಕ್ಕಿಂತ ಹತ್ತಿರದ ಕಾರಣಗಳಿವೆ. ಮನೆ ಬಾಡಿಗೆ, ಬೈಕ್ ಸಾಲದ ಕಂತು, ಚೀಟಿಯ ಹಣ, ಎಲ್ಲವೂ ತಿಂಗಳ ಮೊದಲ ವಾರದಲ್ಲಿಯೇ ಬೀಳುತ್ತವೆ. ಕಂತು ತಪ್ಪಿ ಬ್ಯಾಂಕ್ ದಂಡ ಹಾಕಿದಾಗ, ಆ ದಂಡವನ್ನು ಅವರು ನಿಮ್ಮ ಲೆಕ್ಕಕ್ಕೇ ಬರೆದುಕೊಳ್ಳುತ್ತಾರೆ.

ಗ್ರಾಹಕರು ಹಣ ಕೊಡದಿದ್ದರೆ ನಾವು ಎಲ್ಲಿಂದ ತರುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇರುವ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಖರೀದಿದಾರರು ಗರಿಷ್ಠ 45 ದಿನಗಳೊಳಗೆ ಪಾವತಿಸಬೇಕು. ತಡವಾದರೆ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಕೊಡಲು ಅವಕಾಶವಿದೆ. ದೊಡ್ಡ ಗ್ರಾಹಕರ ಮೇಲೆ ದೂರು ಕೊಡಲು ಅನೇಕರಿಗೆ ಧೈರ್ಯ ಸಾಲದೆಂಬುದು ನಿಜ. ಆದರೆ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆಯನ್ನೂ 45 ದಿನಗಳ ಷರತ್ತನ್ನೂ ಮುದ್ರಿಸಲು ಯಾರ ಅನುಮತಿಯೂ ಬೇಕಿಲ್ಲ. ಜೊತೆಗೆ ಒಂದು ತಿಂಗಳ ಸಂಬಳದಷ್ಟು ಮೊತ್ತವನ್ನು ಪ್ರತ್ಯೇಕ ಖಾತೆಯಲ್ಲಿ ಕಟ್ಟಿಕೊಳ್ಳುತ್ತಾ ಬನ್ನಿ. ಇದಕ್ಕೆ ವರ್ಷವೇ ಹಿಡಿದರೂ ಚಿಂತೆಯಿಲ್ಲ. ಆ ಖಾತೆಯಿಂದ ಕಚ್ಚಾ ಮಾಲು ಕೊಳ್ಳಬಾರದು.

ಪಿಎಫ್ ವಿಷಯದಲ್ಲಿ ಮಾಲೀಕರು ಒಂದು ಸಂಗತಿಯನ್ನು ಕಡೆಗಣಿಸುತ್ತಾರೆ. ಈಗ ಪ್ರತಿ ಕೆಲಸಗಾರರೂ ತಮ್ಮ ಪಾಸ್‌ಬುಕ್ಕನ್ನು ಮೊಬೈಲಿನಲ್ಲಿಯೇ ನೋಡುತ್ತಾರೆ. ಸಂಬಳದಿಂದ ಶೇ. 12 ಕಡಿತವಾಗಿದ್ದು ಪಾಸ್‌ಬುಕ್ಕಿನಲ್ಲಿ ಎರಡು ತಿಂಗಳು ಖಾಲಿ ಕಂಡರೆ, ಊಟದ ವಿರಾಮದ ಹೊತ್ತಿಗೆ ಇಡೀ ಶಿಫ್ಟಿಗೆ ಆ ಸುದ್ದಿ ತಲುಪಿರುತ್ತದೆ. ಹತ್ತು ವರ್ಷಗಳ ಸೇವೆ ಸೇರಿದರೆ ಪಿಂಚಣಿಯ ಹಕ್ಕು ಬರುವುದರಿಂದ, ಹಳಬರು ಪ್ರತಿ ತಿಂಗಳ ಜಮೆಯನ್ನೂ ಎಣಿಸುತ್ತಿರುತ್ತಾರೆ.

ಈ ಹಂತ ಮುಗಿಯಿತೆಂದು ತಿಳಿಯುವುದು ಹೇಗೆ? ಸತತ ಮೂರು ತಿಂಗಳು ಸಂಬಳ ಒಂದೇ ತಾರೀಖಿಗೆ ಬಿದ್ದು, ಪಿಎಫ್ ಮತ್ತು ಇಎಸ್‌ಐ ಚಲನ್‌ಗಳು ಗಡುವಿನೊಳಗೆ ಕಟ್ಟಲ್ಪಟ್ಟಿದ್ದರೆ ಮುಂದಕ್ಕೆ ಹೋಗಬಹುದು. ಅದಕ್ಕೂ ಮೊದಲು ಮೂರನೆಯ ಹಂತದ ಮಾತುಕತೆ ಮಾಡಿದರೆ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ.

## ಹಂತ 3: ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತನಾಡಿ

ಎಲ್ಲರನ್ನೂ ಸೇರಿಸಿ ಸಭೆ ಮಾಡಿ, ‘ಏನಾದರೂ ತೊಂದರೆ ಇದ್ದರೆ ಹೇಳಿ’ ಎಂದು ಕೇಳಬೇಡಿ. ಸೂಪರ್‌ವೈಸರ್ ಎದುರಿಗೆ ಯಾರೂ ಬಾಯಿ ಬಿಡುವುದಿಲ್ಲ. ಮೊದಲ ಹಂತದಲ್ಲಿ ಗುರುತಿಸಿದವರೊಂದಿಗೆ ಒಬ್ಬೊಬ್ಬರಾಗಿ, ಶಿಫ್ಟಿನ ಸಮಯದಲ್ಲಿಯೇ, ಅರ್ಧ ಗಂಟೆ ಮಾತನಾಡಿ. ಡ್ಯೂಟಿ ಮುಗಿದ ಮೇಲೆ ಕೂರಿಸಿದರೆ ಅವರ ಮನಸ್ಸೆಲ್ಲ ಬಸ್ಸಿನ ಮೇಲೆ ಇರುತ್ತದೆ.

‘ಎಲ್ಲ ಚೆನ್ನಾಗಿದೆ ಸರ್’ ಎಂಬುದು ಮೊದಲ ಉತ್ತರ. ಇದನ್ನು ಉತ್ತರವೆಂದು ತೆಗೆದುಕೊಳ್ಳಬಾರದು. ಅವರ ಭಾವನೆಗಳ ಬಗ್ಗೆ ಕೇಳುವುದಕ್ಕಿಂತ ಅವರ ಕೆಲಸದ ಬಗ್ಗೆ ಕೇಳಿ. ‘ಕಳೆದ ವಾರ ನಿಮ್ಮ ಮೆಷಿನ್ ನಿಂತಿದ್ದು ಯಾವುದಕ್ಕೆ?’, ‘ಯಾವ ಜಾಬ್ ಬಂದರೆ ನಿಮಗೆ ತಲೆನೋವು?’, ‘ನೀವು ಹೇಳಿದ್ದನ್ನು ನಾವು ಮಾಡದೆ ಬಿಟ್ಟದ್ದು ಏನಾದರೂ ಇದೆಯೇ?’ ಇಂತಹ ಪ್ರಶ್ನೆಗಳಿಗೆ ಉತ್ತರ ಬರುತ್ತದೆ, ಮತ್ತು ಆ ಉತ್ತರದ ಬಾಲಕ್ಕೆ ಅಸಲು ವಿಷಯವೂ ಬರುತ್ತದೆ: ಬೋರ್ ಗೇಜ್ ಕೆಟ್ಟು ಆರು ತಿಂಗಳಾದರೂ ಹೊಸತು ಬಂದಿಲ್ಲ, ಮೊನ್ನೆ ಸೇರಿದವರಿಗೆ ನನಗಿಂತ ಹೆಚ್ಚು ಸಂಬಳ, ಚಿಕ್ಕ ಸಾಹುಕಾರರು ಹೆಲ್ಪರ್‌ಗಳ ಮುಂದೆ ಏಕವಚನದಲ್ಲಿ ಬೈದರು.

ಕೊನೆಯದನ್ನು ಒತ್ತಿ ಹೇಳಬೇಕಾಗಿದೆ. ಕುಟುಂಬದ ಕಾರ್ಖಾನೆಗಳಲ್ಲಿ ಓದು ಮುಗಿಸಿ ಬಂದ ಮಗನೋ ಮಗಳೋ ಅಳಿಯನೋ ಅಧಿಕಾರ ವಹಿಸಿಕೊಂಡ ಮೊದಲ ವರ್ಷ ಹಳಬರಿಗೆ ಬಹಳ ಕಷ್ಟದ ವರ್ಷ. ತಂದೆಯವರ ಕಾಲದಿಂದ ಇರುವ ಫೋರ್‌ಮನ್‌ರನ್ನು ಹೊಸಬರು ‘ನೀವು’ ಎಂದು ಮಾತನಾಡಿಸಬೇಕು, ತಪ್ಪು ಕಂಡರೆ ಆಫೀಸಿನೊಳಗೆ ಕರೆದು ಹೇಳಬೇಕು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಬಹುತೇಕ ಕಡೆ ಇದನ್ನು ಯಾರೂ ಮನೆಯ ಮಕ್ಕಳಿಗೆ ಹೇಳಿಕೊಡುವುದಿಲ್ಲ.

ಹೇಳಿದ್ದರಲ್ಲಿ ಅಗ್ಗದ ಒಂದು ಕೆಲಸವನ್ನು ಹದಿನೈದು ದಿನಗಳೊಳಗೆ ಮಾಡಿ ಮುಗಿಸಿ. ಬೋರ್ ಗೇಜ್ ಬಂದರೆ ಎರಡನೆಯ ಮಾತುಕತೆಯಲ್ಲಿ ಇನ್ನಷ್ಟು ಹೊರಬರುತ್ತದೆ. ಏನನ್ನೂ ಮಾಡದೆ ಕೇಳಿಸಿಕೊಂಡು ಕಳುಹಿಸಿದರೆ, ಕೇಳದೆ ಇದ್ದುದಕ್ಕಿಂತ ಹೆಚ್ಚು ಹಾನಿಯಾಗುತ್ತದೆ.

## ಹಂತ 4: ಸಂಬಳದ ಅಂತರವನ್ನು ಸರಿಪಡಿಸಿ

ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುತ್ತದೆ. ಆಗ ಹೆಲ್ಪರ್‌ಗಳ ಸಂಬಳ ತಾನಾಗಿ ಏರುತ್ತದೆ, ಕನಿಷ್ಠ ವೇತನಕ್ಕಿಂತ ಮೇಲಿರುವ ಅನುಭವಿಗಳ ಸಂಬಳ ಇದ್ದಲ್ಲಿಯೇ ಇರುತ್ತದೆ. ನಾಲ್ಕೈದು ವರ್ಷಗಳಲ್ಲಿ ಇಬ್ಬರ ನಡುವಿನ ಅಂತರ ನಾಚಿಕೆಯಾಗುವಷ್ಟು ಕಿರಿದಾಗುತ್ತದೆ. ಮಾಲೀಕರ ಕಣ್ಣಿಗೆ ಒಟ್ಟು ಸಂಬಳದ ಮೊತ್ತ ಬೆಳೆದದ್ದು ಕಾಣುತ್ತದೆ, ಸೆಟ್ಟರ್ ಕಣ್ಣಿಗೆ ಪಕ್ಕದವರು ತಮ್ಮ ಹತ್ತಿರಕ್ಕೆ ಬಂದದ್ದು ಕಾಣುತ್ತದೆ. ಆದ್ದರಿಂದ ಏಪ್ರಿಲ್ ಪರಿಷ್ಕರಣೆ ಬಂದಾಗಲೆಲ್ಲ ಕೆಳಗಿನವರಿಗೆ ಎಷ್ಟು ರೂಪಾಯಿ ಏರಿತೋ ಕನಿಷ್ಠ ಅಷ್ಟನ್ನು ಮೇಲಿನವರಿಗೂ ಏರಿಸುವ ಪದ್ಧತಿ ಇಟ್ಟುಕೊಳ್ಳಿ.

ಎರಡನೆಯ ಪರೀಕ್ಷೆ ಓಟಿಯದು, ಅಂದರೆ ಹೆಚ್ಚುವರಿ ಗಂಟೆಗಳ ಕೆಲಸದ ಕೂಲಿಯದು. ಅನೇಕ ಅನುಭವಿಗಳ ಮನೆ ನಡೆಯುವುದು ಓಟಿಯ ಹಣದಿಂದ. ಆರ್ಡರ್ ಕಡಿಮೆಯಾಗಿ ಓಟಿ ನಿಂತ ತಿಂಗಳು ಅವರ ಕೈಗೆ ಬರುವ ಹಣ ಏಕಾಏಕಿ ಇಳಿಯುತ್ತದೆ, ಅವರು ಬೇರೆ ಕಡೆ ನೋಡಲು ಶುರುಮಾಡುವುದೂ ಆಗಲೇ. ಓಟಿ ತೆಗೆದುಹಾಕಿ ಪ್ರತಿಯೊಬ್ಬರ ಸಂಬಳವನ್ನು ನೋಡಿ, ಅದರಲ್ಲಿ ಒಂದು ಕುಟುಂಬ ನಡೆಯುತ್ತದೆಯೇ ಎಂದು ಕೇಳಿಕೊಳ್ಳಿ. ಓಟಿಗೆ ಎರಡು ಪಟ್ಟು ದರ ಕೊಡಬೇಕೆಂಬ ನಿಯಮವನ್ನು ತಪ್ಪಿಸಿ ಒಂದೇ ಪಟ್ಟು ಕೊಡುವ ಕಡೆಗಳಲ್ಲಿ ಈ ಮಾರ್ಗದರ್ಶಿಯ ಯಾವ ಹಂತವೂ ಕೆಲಸ ಮಾಡುವುದಿಲ್ಲ.

ಮೂರನೆಯದು, ಬಹಳ ಮಂದಿ ಎಡವುವ ಜಾಗ: 21,000 ರೂಪಾಯಿಯ ಗೆರೆ. ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆಯಾದ ಇಎಸ್‌ಐಗೆ ಒಳಪಡುವ ವೇತನದ ಮಿತಿ ತಿಂಗಳಿಗೆ 21,000 ಆಗಿದೆ. ಮಾಲೀಕರು ಸಂತೋಷದಿಂದ 20,500ರಿಂದ 22,000ಕ್ಕೆ ಏರಿಸುತ್ತಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂಬ ವಂತಿಗೆ ಅವಧಿಗಳಲ್ಲಿ ನಡೆಯುತ್ತಿರುವ ಅವಧಿ ಮುಗಿದ ಮೇಲೆ ಆ ಕೆಲಸಗಾರರು ಇಎಸ್‌ಐಯಿಂದ ಹೊರಗೆ ಬೀಳುತ್ತಾರೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ತಾಯಿಯ ಚಿಕಿತ್ಸೆ ಮಾಡಿಸುತ್ತಿದ್ದವರಿಗೆ ಈ ಹೆಚ್ಚಳ ಶಿಕ್ಷೆಯಾಗಿಬಿಡುತ್ತದೆ. ಕಾನೂನುಬದ್ಧ ಬೋನಸ್ಸಿನ ಅರ್ಹತೆಗೂ ನಡೆದುಬಂದಿರುವ ಮಿತಿ 21,000 ಆಗಿರುವುದರಿಂದ, ಶೇ. 8.33ರ ಕನಿಷ್ಠ ಬೋನಸ್ಸಿನ ಹಕ್ಕೂ ಹೋಗಬಹುದು.

ಹಾಗೆಂದು ಹೆಚ್ಚಳ ನಿಲ್ಲಿಸಬೇಕಿಲ್ಲ. ಗೆರೆ ದಾಟಿಸುವ ತಿಂಗಳಿಗೆ ಮೊದಲೇ ಗುಂಪು ಆರೋಗ್ಯ ವಿಮೆ ಮಾಡಿಸಿಡಿ. ಅದರಲ್ಲಿ ತಂದೆತಾಯಿಗಳು ಸೇರಿದ್ದಾರೆಯೇ ಎಂದು ಪಾಲಿಸಿ ಓದಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಅಗ್ಗದ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಹೆಂಡತಿ ಮಕ್ಕಳಷ್ಟೇ ಇರುತ್ತಾರೆ. ಹಬ್ಬದ ಬೋನಸ್ಸನ್ನು ಕಾನೂನಿನ ಮಿತಿ ನೋಡದೆ ಹಳಬರಿಗೆ ಮುಂದುವರಿಸಿ. ಹೆಚ್ಚಳ ಗೆರೆಯ ಮೇಲಕ್ಕೆ ಹೋಗುವುದಾದರೆ ಐನೂರೋ ಸಾವಿರವೋ ರೂಪಾಯಿಯಷ್ಟೇ ಹೋಗದೆ, ಕಳೆದುಕೊಳ್ಳುವ ಸೌಲಭ್ಯವನ್ನು ತುಂಬಿಕೊಡುವಷ್ಟು ಹೋಗಲಿ. ಮಿತಿಗಳು ಆಗಾಗ ಪರಿಷ್ಕರಣೆಯಾಗುವುದರಿಂದ ಪ್ರತಿ ಹೆಚ್ಚಳಕ್ಕೂ ಮುನ್ನ ನಿಮ್ಮ ಪಿಎಫ್–ಇಎಸ್‌ಐ ನೋಡಿಕೊಳ್ಳುವವರನ್ನು ಕೇಳಿ.

## ಹಂತ 5: ದೀರ್ಘಕಾಲ ಉಳಿದವರಿಗೆ ಸಿಗುವುದನ್ನು ಅಂಕಿಯಲ್ಲಿ ತೋರಿಸಿ

ದೀರ್ಘ ಸೇವೆಗಾಗಿ ಕೆಲಸ ಬಿಡುವಾಗ ಸಿಗುವ ಇಡಿಗಂಟು, ಅಂದರೆ ಗ್ರಾಚ್ಯುಟಿ, ಇದೆಯೆಂದು ಎಲ್ಲರಿಗೂ ಗೊತ್ತು, ತಮಗೆ ಎಷ್ಟು ಬರುತ್ತದೆಂದು ಬಹುತೇಕ ಕೆಲಸಗಾರರಿಗೆ ಗೊತ್ತಿಲ್ಲ. ಲೆಕ್ಕ ಸರಳ: ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 26,000 ರೂಪಾಯಿ ವೇತನದಲ್ಲಿ 12 ವರ್ಷ ದುಡಿದವರಿಗೆ 1,80,000 ರೂಪಾಯಿ ಬರುತ್ತದೆ. ಪ್ರತಿ ಏಪ್ರಿಲ್‌ನಲ್ಲಿ ಪ್ರತಿಯೊಬ್ಬರಿಗೂ ಒಂದು ಚೀಟಿಯಲ್ಲಿ ಇಲ್ಲಿಯವರೆಗಿನ ಮೊತ್ತ ಬರೆದು, ಸಹಿ ಹಾಕಿ ಕೊಡಿ.

ಆ ಹಣ ನಿಜವಾಗಿ ಇರಬೇಕು. ಕರ್ನಾಟಕ ಸರ್ಕಾರ ಗ್ರಾಚ್ಯುಟಿ ವಿಮೆಯನ್ನು ಕಡ್ಡಾಯಗೊಳಿಸುವ ನಿಯಮಗಳನ್ನು 2024ರಲ್ಲಿ ಜಾರಿಗೆ ತಂದಿದೆ. ಎಲ್‌ಐಸಿಯಂತಹ ಸಂಸ್ಥೆಗಳ ಗುಂಪು ಗ್ರಾಚ್ಯುಟಿ ಯೋಜನೆಯಲ್ಲಿ ವರ್ಷವರ್ಷವೂ ಕಟ್ಟುತ್ತಾ ಬಂದರೆ, ಒಬ್ಬರು ನಿವೃತ್ತರಾದ ತಿಂಗಳು ಕಾರ್ಖಾನೆಯ ಹಣ ಅಲ್ಲಾಡುವುದಿಲ್ಲ. ನಾಲ್ಕು ವರ್ಷ ದಾಟಿದ ಮೇಲೆ ಪುಸ್ತಕದಲ್ಲಿ ಸೇವೆ ಮುರಿದಂತೆ ತೋರಿಸಿ, ಗ್ರಾಚ್ಯುಟಿಯ ಹಕ್ಕು ತರುವ ಐದನೆಯ ವರ್ಷವನ್ನು ತಪ್ಪಿಸುವ ಚಾಳಿ ಕೆಲವೆಡೆ ಇದೆ. ಅದು ಅನ್ಯಾಯ, ಮತ್ತು ಅದನ್ನು ನೋಡಿದ ಮೂರು ವರ್ಷದವರು ನಾಲ್ಕನೆಯ ವರ್ಷಕ್ಕೆ ಕಾಯುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿಯ ಹಕ್ಕು ಕೊಟ್ಟಿರುವುದರಿಂದ, ಅವರನ್ನು ನಿಗದಿತ ಅವಧಿಯವರೆಂದು ತೋರಿಸಿದರೂ ಉಳಿತಾಯವಿಲ್ಲ.

## ಹಂತ 6: ಮೇಲಕ್ಕೆ ಹೋಗಲು ಮೆಟ್ಟಿಲುಗಳನ್ನು ಮಾಡಿ

ಸಣ್ಣ ಕಾರ್ಖಾನೆಯಲ್ಲಿ ಆಪರೇಟರ್ ಆದ ಮೇಲೆ ಸೂಪರ್‌ವೈಸರ್ ಒಂದೇ ಹುದ್ದೆ, ಅದರಲ್ಲಿ ಈಗಾಗಲೇ ಒಬ್ಬರು ಕೂತಿರುತ್ತಾರೆ. ಆಪರೇಟರ್, ಆಪರೇಟರ್–ಸೆಟ್ಟರ್, ಸೆಟ್ಟರ್, ಹಿರಿಯ ಸೆಟ್ಟರ್, ಪ್ರೋಗ್ರಾಮರ್ ಎಂದು ಐದು ಮೆಟ್ಟಿಲು ಮಾಡಿ, ಪ್ರತಿಯೊಂದಕ್ಕೂ ಏನು ಬರಬೇಕು, ಎಷ್ಟು ಸಂಬಳ ಎಂದು ಬರೆದು ಗೋಡೆಗೆ ಹಾಕಿ. ಬಡ್ತಿ ಪತ್ರದಲ್ಲಿ ಹುದ್ದೆಯ ಹೆಸರು ಇರಲಿ. ಮದುವೆಯ ಮಾತುಕತೆಯಲ್ಲಿ, ಬ್ಯಾಂಕ್ ಸಾಲದಲ್ಲಿ ಆ ಕಾಗದಕ್ಕೆ ಬೆಲೆಯಿದೆ. ತರಬೇತಿಗೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಅಲ್ಪಾವಧಿ ಕೋರ್ಸ್‌ಗಳಿಗೆ ಕಳುಹಿಸಬಹುದು.

ತರಬೇತಿ ಕೊಟ್ಟ ಮೇಲೆ ಬಿಟ್ಟುಹೋಗುತ್ತಾರೆಂದು ಬಾಂಡ್ ಬರೆಸಿಕೊಳ್ಳುವುದು, ಐಟಿಐ ಅಂಕಪಟ್ಟಿಯ ಮೂಲಪ್ರತಿಯನ್ನು ಕಪಾಟಿನಲ್ಲಿ ಇಟ್ಟುಕೊಳ್ಳುವುದು, ದೊಡ್ಡ ಅಡ್ವಾನ್ಸ್ ಕೊಟ್ಟು ಕಟ್ಟಿಹಾಕುವುದು, ಇವೆಲ್ಲ ತಪ್ಪು. ಬಿಟ್ಟ ಮೇಲೆ ಪ್ರತಿಸ್ಪರ್ಧಿಯ ಬಳಿ ಸೇರಬಾರದೆಂಬ ಕರಾರು 1872ರ ಕರಾರು ಕಾಯ್ದೆಯ 27ನೇ ಕಲಮಿನ ಎದುರು ನಿಲ್ಲುವುದಿಲ್ಲ. ಇನ್ನು ಅಡ್ವಾನ್ಸ್ ಹಣವನ್ನು, ಅವರನ್ನು ಕೆಲಸಕ್ಕೆ ಕರೆಯುವ ಬೇರೆ ಮಾಲೀಕರೇ ತೀರಿಸಿ ಕರೆದುಕೊಂಡು ಹೋಗುತ್ತಾರೆ.

## ಹಂತ 7: ಕೈಯಲ್ಲಿರುವ ವಿದ್ಯೆಯನ್ನು ಹಂಚಿಸಿ, ಆದರೆ ಹೆದರಿಸದೆ

‘ನಿಮಗೆ ಗೊತ್ತಿರುವುದನ್ನೆಲ್ಲ ಈ ಹುಡುಗನಿಗೆ ಕಲಿಸಿ’ ಎಂದರೆ ಅನುಭವಿಗೆ ಕೇಳಿಸುವುದು ತಮ್ಮನ್ನು ಮನೆಗೆ ಕಳುಹಿಸುವ ಸಿದ್ಧತೆ. ಈ ಹಂತ ಐದು ಮತ್ತು ಆರರ ನಂತರವೇ ಬರಬೇಕಾದ ಕಾರಣ ಇದೇ. ಕಲಿಸುವುದಕ್ಕೆ ಪ್ರತ್ಯೇಕ ಭತ್ಯೆ ನಿಗದಿಪಡಿಸಿ. ಕಲಿತವರು ಒಂಟಿಯಾಗಿ ಸೆಟ್ ಮಾಡಿ ಮೊದಲ ಪೀಸ್ ಪಾಸಾದ ದಿನ ಕಲಿಸಿದವರಿಗೆ ಅದನ್ನು ಕೊಡಿ. ಆ ವಾರ ಅವರ ಉತ್ಪಾದನೆಯ ಟಾರ್ಗೆಟ್ ಇಳಿಸಿ, ಇಲ್ಲವಾದರೆ ಕಲಿಕೆ ಹೆಸರಿಗೆ ಮಾತ್ರ ನಡೆಯುತ್ತದೆ. ಮೊದಲ ಹಂತದ ಹಾಳೆಯಲ್ಲಿ ಹೊಸ ವೃತ್ತವನ್ನು ಅವರ ಕೈಯಿಂದಲೇ ಹಾಕಿಸಿ.

## ಎಚ್ಚರಿಕೆಯ ಚಿಹ್ನೆಗಳು

ಹೋಗುವ ನಿರ್ಧಾರ ರಾಜೀನಾಮೆಗಿಂತ ತಿಂಗಳುಗಳ ಮೊದಲೇ ಆಗಿರುತ್ತದೆ. ಮೊದಲು ಪ್ರತಿ ಡ್ರಾಯಿಂಗ್‌ಗೂ ವಾದ ಮಾಡುತ್ತಿದ್ದವರು ‘ಆಯ್ತು ಸರ್’ ಎಂದು ಸುಮ್ಮನಾದರೆ ನಿರಾಳವಾಗಬೇಡಿ, ಅದು ಅತ್ಯಂತ ಗಂಭೀರ ಚಿಹ್ನೆ. ಅರ್ಧ ದಿನದ ರಜೆಗಳು ಹೆಚ್ಚುವುದು, ಸಂಬಳದ ಸ್ಲಿಪ್ ಮತ್ತು ಅನುಭವ ಪತ್ರ ಕೇಳುವುದು, ಪಿಎಫ್ ಖಾತೆಯ ಕೆವೈಸಿ ಸರಿಪಡಿಸಿಕೊಳ್ಳುವುದು, ಓಟಿ ಬೇಡವೆನ್ನುವುದು, ಹೆಲ್ಪರ್‌ಗೆ ಕಲಿಸುವುದನ್ನು ನಿಲ್ಲಿಸುವುದು, ಸ್ವಂತ ಮೈಕ್ರೋಮೀಟರನ್ನು ಮನೆಗೆ ಒಯ್ಯುವುದು, ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಅದೇ ವಾರ ಮೂರನೆಯ ಹಂತದ ಮಾತುಕತೆ ಮಾಡಿ.

ಕಾಲವನ್ನೂ ಗಮನಿಸಿ. ಹಬ್ಬದ ಬೋನಸ್ ಕೈಸೇರಿದ ನಂತರದ ವಾರಗಳು ಮತ್ತು ಮಕ್ಕಳ ಶಾಲೆ ಬದಲಾಯಿಸಲು ಅನುಕೂಲವಾದ ಮೇ ತಿಂಗಳು ಬಿಡುವವರಿಗೆ ಒಗ್ಗುವ ಸಮಯ. ನಿಮ್ಮ ಮೂರು ವರ್ಷದ ಪಟ್ಟಿ ನಿಮ್ಮ ಕಾರ್ಖಾನೆಯ ತಿಂಗಳುಗಳನ್ನು ತೋರಿಸುತ್ತದೆ. ಘಟಕವನ್ನು ಪೀಣ್ಯದಿಂದ ದಾಬಸ್‌ಪೇಟೆಯ ಕಡೆಗೆ ಸ್ಥಳಾಂತರಿಸುವ ಯೋಚನೆಯಿದ್ದರೆ, ಬಸ್ಸಿನ ವ್ಯವಸ್ಥೆಯ ಮಾತನ್ನು ಜಾಗ ಕೊಳ್ಳುವ ಮೊದಲೇ ಆಡಿ.

## ಹಂತ 8: ರಾಜೀನಾಮೆ ಬಂದಾಗ

ತಕ್ಷಣ ಸಂಬಳ ಏರಿಸಬೇಡಿ. ಹೀಗೆ ಉಳಿದವರು ಬಹಳ ದಿನ ನಿಲ್ಲುವುದು ಅಪರೂಪ, ಮತ್ತು ರಾಜೀನಾಮೆ ಕೊಟ್ಟರೆ ಮಾತ್ರ ಇಲ್ಲಿ ಹೆಚ್ಚಳ ಸಿಗುತ್ತದೆಂದು ಉಳಿದವರೆಲ್ಲ ಕಲಿಯುತ್ತಾರೆ. ಕಾರಣ ಕೇಳಿ, ಅದು ಎರಡರಿಂದ ಆರರವರೆಗಿನ ಯಾವ ಹಂತದಲ್ಲಿ ತಪ್ಪಿದ್ದೆಂದು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಿ, ಮತ್ತು ಅದೇ ಕೊರತೆ ಇರುವ ಉಳಿದವರಿಗೆ ಆ ತಿಂಗಳೇ ಅದನ್ನು ಸರಿಪಡಿಸಿ.

ಹೋಗುವವರ ಬಾಕಿಯನ್ನು ತಡೆಹಿಡಿಯಬೇಡಿ. ಕಾರ್ಮಿಕ ಸಂಹಿತೆಗಳಲ್ಲೊಂದಾದ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು. ಅನುಭವ ಪತ್ರವನ್ನೂ ಪಿಎಫ್‌ನಲ್ಲಿ ಬಿಟ್ಟ ತಾರೀಖಿನ ನಮೂದನ್ನೂ ಅದರೊಂದಿಗೇ ಮುಗಿಸಿ. ಅವರನ್ನು ಹೇಗೆ ಕಳುಹಿಸಿದಿರಿ ಎಂಬುದನ್ನು ಉಳಿದವರು ನೋಡುತ್ತಿರುತ್ತಾರೆ. ಗೌರವದಿಂದ ಕಳುಹಿಸಿದವರಲ್ಲಿ ಕೆಲವರು ಕೆಲವು ತಿಂಗಳಲ್ಲಿ ಮರಳಿ ಕೇಳುತ್ತಾರೆ. ಸೇರಿಸಿಕೊಳ್ಳುವುದಾದರೆ, ಬಿಡದೆ ಉಳಿದಿದ್ದ ಅವರ ಸಮಾನರಿಗಿಂತ ಹೆಚ್ಚಿನ ಸಂಬಳಕ್ಕೆ ಸೇರಿಸಿಕೊಳ್ಳಬೇಡಿ. ಹೆಚ್ಚು ಕೊಡಲೇಬೇಕೆಂದರೆ ಮೊದಲು ಉಳಿದವರಿಗೆ ಏರಿಸಿ, ಆ ಮೇಲೆ ಅವರ ನೇಮಕಾತಿ ಪತ್ರ ಬರೆಯಿರಿ.